ಅಲ್ ಜಝರಿ: ಯಂತ್ರ ಕಟ್ಟಿದವರು, ಬರೆದಿಟ್ಟವರು

ಕಳೆದ ವರ್ಷ ಕಂಪ್ಯೂಟರ್ ಸೈನ್ಸ್ ಪ್ರಾಜೆಕ್ಟ್‌ಗಾಗಿ ನಾವು ನಾಲ್ವರು ಸೇರಿ ನಮ್ಮ ಲೈಬ್ರೇರಿಗೆ ಒಂದು ಎಐ ಏಜೆಂಟ್ ಸಿದ್ಧಪಡಿಸಿದೆವು. ವಿದ್ಯಾರ್ಥಿಗಳು ಕನ್ನಡದಲ್ಲಿ ಕೇಳಿದರೆ ಸಾಕು, ನಾವು ಕೊಟ್ಟ ಟೂಲ್‌ಗಳಲ್ಲಿ ಸರಿಯಾದುದನ್ನು ಆರಿಸಿಕೊಂಡು ಅದು ಕೆಲಸ ಮಾಡಬೇಕಿತ್ತು. ಯಾವ ಟೂಲ್ ಯಾತಕ್ಕೆ ಎಂಬುದು ಅದಕ್ಕೆ ಗೊತ್ತಾಗುವುದು ನಾವು ಬರೆದ ವಿವರಣೆಯಿಂದ ಮಾತ್ರ. ಹರಿದು ಹಾಳಾದ ಪುಸ್ತಕಗಳನ್ನು ಪಟ್ಟಿಯಿಂದ ಅಳಿಸುವ ಟೂಲ್‌ಗೆ ನಾನು ಬರೆದ ವಿವರಣೆ ಎರಡೇ ಪದ: ಪುಸ್ತಕ ತೆಗೆಯಲು.

ಪ್ರಥಮ ಪಿಯುಸಿಯ ಒಬ್ಬಳು ಭೌತಶಾಸ್ತ್ರದ ಒಂದು ರೆಫರೆನ್ಸ್ ಪುಸ್ತಕ ತೆಗೆದುಕೊಡುವಂತೆ ಅದನ್ನು ಕೇಳಿದಳು. ಏಜೆಂಟ್ ಆ ಪುಸ್ತಕವನ್ನು ಪಟ್ಟಿಯಿಂದಲೇ ತೆಗೆದುಹಾಕಿತು! ಆಮೇಲೆ ಎರಡು ವಾರ ಅವಳು ಕೇಳಿದಾಗಲೆಲ್ಲ ಅಂಥ ಪುಸ್ತಕವೇ ಇಲ್ಲ ಎಂಬ ಉತ್ತರ. ಪುಸ್ತಕ ಕಪಾಟಿನಲ್ಲೇ ಇತ್ತು. ಅವಳು ಮಾತ್ರ ಅದನ್ನು ಓದದೆಯೇ ಪರೀಕ್ಷೆ ಬರೆದಳು.

ಲೈಬ್ರೇರಿಯನ್ ಸರ್ ನನ್ನನ್ನು ಬೈಯಲಿಲ್ಲ. ಮುಸ್ಲಿಂ ವಿಜ್ಞಾನಿಗಳ ಕುರಿತ ಪುಸ್ತಕವೊಂದನ್ನು ಕೈಗಿತ್ತು, ಅಲ್ ಜಝರಿಯವರ ಅಧ್ಯಾಯ ಓದಿ ಬರಲು ಹೇಳಿದರು.

ಬದೀಉಝ್ಝಮಾನ್ ಅಲ್ ಜಝರಿ 12ನೇ ಶತಮಾನದವರು. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಿನ ಜಝೀರಾ ಪ್ರದೇಶದಿಂದ ಅವರಿಗೆ ಆ ಹೆಸರು ಬಂತು. ಇಂದಿನ ಟರ್ಕಿಯ ದಿಯಾರ್‌ಬಕಿರ್‌ನಲ್ಲಿ ಆಳುತ್ತಿದ್ದ ಅರ್ತುಕಿ ವಂಶದವರ ಬಳಿ ಅವರು ಎಂಜಿನಿಯರ್ ಆಗಿದ್ದರು. ತಂದೆ, ಹಿರಿಯ ಮಗ, ಕಿರಿಯ ಮಗ ಹೀಗೆ ಮೂವರು ಅರಸರನ್ನು ಕಂಡವರು. ಅವರ ಬದುಕಿನ ಬಗ್ಗೆ ನಮಗೆ ತಿಳಿದಿರುವುದೆಲ್ಲ ಅವರೇ ಬರೆದ ಗ್ರಂಥದಿಂದ.

ಅವರು ಕೈಯಿಂದ ಕೆಲಸ ಮಾಡಿದವರು. ಹಳೆಯ ವಿದ್ವಾಂಸರ ಪುಸ್ತಕಗಳನ್ನು ಓದಿದ್ದರು. ಆದರೆ ಮಾಡಿ ನೋಡದ ವಿದ್ಯೆಯನ್ನು ಅವರು ಪೂರ್ತಿ ನಂಬುತ್ತಿರಲಿಲ್ಲ. ವುಝೂ ಮಾಡುವಾಗ ಆಳುಗಳು ಕೈಗೆ ನೀರು ಹಾಕುವುದು ಅರಸ ನಾಸಿರುದ್ದೀನ್ ಮಹ್ಮೂದರಿಗೆ ಇಷ್ಟವಿರಲಿಲ್ಲ. ಅದಕ್ಕಾಗಿ ಜಝರಿ ತಾನಾಗಿಯೇ ನೀರು ಸುರಿಯುವ ಸಾಧನ ಮಾಡಿಕೊಟ್ಟರು. ನೀರೆತ್ತುವ ಯಂತ್ರಗಳನ್ನೂ, ಅಕ್ಷರಗಳನ್ನು ಹೊಂದಿಸಿ ತೆರೆಯುವ ಬೀಗವನ್ನೂ, ಬಗೆಬಗೆಯ ಗಡಿಯಾರಗಳನ್ನೂ ಕಟ್ಟಿದರು.

ಅವುಗಳಲ್ಲಿ ಆನೆ ಗಡಿಯಾರ ಬಹಳ ಪ್ರಸಿದ್ಧ. ಆನೆಯ ಹೊಟ್ಟೆಯೊಳಗೆ ನೀರಿನ ತೊಟ್ಟಿ, ಅದರಲ್ಲಿ ತೂತಿರುವ ಒಂದು ಬಟ್ಟಲು. ನಮ್ಮ ಹಿರಿಯರ ಗಳಿಗೆ ಬಟ್ಟಲಿನ ಹಾಗೆಯೇ ಅದು ನಿಧಾನವಾಗಿ ತುಂಬಿ ಮುಳುಗುತ್ತದೆ. ಮುಳುಗಿದಾಗ ಮೇಲಿನಿಂದ ಒಂದು ಗುಂಡು ಬಿದ್ದು ಹಾವಿನ ಬಾಯಿ ಸೇರುತ್ತದೆ. ಗುಂಡಿನ ಭಾರಕ್ಕೆ ಹಾವು ಬಾಗಿ, ಬಟ್ಟಲನ್ನು ಮತ್ತೆ ಮೇಲೆತ್ತುತ್ತದೆ. ಅರ್ಧ ಗಂಟೆಗೊಮ್ಮೆ ಹೀಗೆ ನಡೆಯುತ್ತದೆ.

ಇಷ್ಟೆಲ್ಲ ಕಟ್ಟಿದ ಮೇಲೆ, ಇವು ಹಾಗೆಯೇ ಅಳಿದುಹೋಗಬಾರದು, ಎಲ್ಲವನ್ನೂ ಬರೆದಿಡಬೇಕೆಂದು ಅರಸ ಅವರಿಗೆ ಅಪ್ಪಣೆ ಮಾಡಿದರು. 1206ರಲ್ಲಿ ಗ್ರಂಥ ಮುಗಿಯಿತು. ಅದರಲ್ಲಿ 6 ವಿಭಾಗ, 50 ಯಂತ್ರಗಳು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಬರೆದ ರೀತಿ. ಮೊದಲು ಯಂತ್ರ ಹೊರಗಿನಿಂದ ಹೇಗೆ ಕಾಣುತ್ತದೆ, ಏನು ಮಾಡುತ್ತದೆ ಎಂದು ಹೇಳುತ್ತಾರೆ. ನಂತರ ಒಂದೊಂದೇ ಭಾಗ: ಯಾವ ಲೋಹ, ಎಷ್ಟು ಅಳತೆ, ಎಲ್ಲಿ ಜೋಡಿಸಬೇಕು. ಚಿತ್ರದಲ್ಲಿ ಭಾಗಗಳಿಗೆ ಅಕ್ಷರಗಳನ್ನು ಕೊಟ್ಟು, ಬರಹದಲ್ಲೂ ಅವೇ ಅಕ್ಷರಗಳನ್ನು ಬಳಸುತ್ತಾರೆ. ಚಿತ್ರ ಅಳತೆಗೆ ತಕ್ಕಂತಿರುವುದಕ್ಕಿಂತ ಅರ್ಥವಾಗುವುದು ಮುಖ್ಯ ಎಂಬುದನ್ನೂ ಅವರು ತಿಳಿಸಿದ್ದಾರೆ. ತನ್ನ ಗುಟ್ಟು ತನ್ನಲ್ಲೇ ಇರಲಿ ಎಂದು ಏನನ್ನೂ ಬಚ್ಚಿಡುವ ಆಸೆ ಆ ಪುಟಗಳಲ್ಲಿ ಕಾಣುವುದಿಲ್ಲ.

1974ರಲ್ಲಿ ಡೊನಾಲ್ಡ್ ಹಿಲ್ ಎಂಬ ಎಂಜಿನಿಯರ್ ಆ ಗ್ರಂಥವನ್ನು ಇಂಗ್ಲಿಷಿಗೆ ತಂದರು. 1976ರಲ್ಲಿ ಲಂಡನ್‌ನ ಸೈನ್ಸ್ ಮ್ಯೂಸಿಯಂನಲ್ಲಿ ಜಝರಿಯವರ ಒಂದು ದೊಡ್ಡ ನೀರಿನ ಗಡಿಯಾರವನ್ನು ಆ ವಿವರಣೆಯಂತೆ ಮತ್ತೆ ಕಟ್ಟಿದರು. ಅದು ನಡೆಯಿತು. ಬರೆದು 770 ವರ್ಷಗಳಾಗಿದ್ದವು! ಸಂದೇಹ ಬಂದರೆ ಕೇಳಲು ಜಝರಿ ಅಲ್ಲಿರಲಿಲ್ಲ. ಅವರು ಬರೆದದ್ದಷ್ಟೇ ಇತ್ತು.

ನಮ್ಮ ಏಜೆಂಟ್‌ನ ಸ್ಥಿತಿಯೂ ಅದೇ. ಅದು ನಮ್ಮ ಲೈಬ್ರೇರಿಯನ್ನು ಕಂಡಿಲ್ಲ, ನನ್ನ ಮನಸ್ಸಿನಲ್ಲಿದ್ದುದು ಅದಕ್ಕೆ ತಿಳಿಯದು. ನಾನು ತೆಗೆ ಎಂದು ಬರೆದಾಗ ನನಗೆ ಒಂದೇ ಅರ್ಥ ಹೊಳೆದಿತ್ತು. ಓದುವವರಿಗೆ ಎರಡು ಅರ್ಥವಿತ್ತು.

ಆ ವಿವರಣೆಯನ್ನು ನಾನು ಮತ್ತೆ ಬರೆದೆ. ಈ ಟೂಲ್ ಹಾಳಾದ ಪುಸ್ತಕದ ದಾಖಲೆಯನ್ನು ಪಟ್ಟಿಯಿಂದ ಶಾಶ್ವತವಾಗಿ ಅಳಿಸುತ್ತದೆ. ಪುಸ್ತಕ ಹುಡುಕಲು ಅಥವಾ ಎರವಲು ಪಡೆಯಲು ಇದನ್ನು ಬಳಸಬಾರದು. ಪುಸ್ತಕದ ಹೆಸರಲ್ಲ, ದಾಖಲೆ ಸಂಖ್ಯೆ ಕೊಡಬೇಕು. ಸಂಖ್ಯೆ ಸಿಗದಿದ್ದರೆ ಏನನ್ನೂ ಅಳಿಸದೆ ಹಾಗೆಂದು ತಿಳಿಸುತ್ತದೆ. ಬರಹವೊಂದನ್ನೇ ನಂಬದೆ, ಲೈಬ್ರೇರಿಯನ್ ಸರ್ ಒಪ್ಪದೆ ಅಳಿಸುವ ಕೆಲಸ ನಡೆಯದಂತೆಯೂ ಮಾಡಿದೆವು. ಬಳಿಕ ಜಝರಿಯವರಂತೆ ಮಾಡಿ ನೋಡಿದೆವು. ಬೇರೆ ತರಗತಿಯವರನ್ನು ಕರೆದು, ಅವರವರ ಮನೆಮಾತಿನ ಧಾಟಿಯಲ್ಲೇ ಪುಸ್ತಕ ಕೇಳಲು ಹೇಳಿದೆವು. ಇನ್ನೂ ಎರಡು ವಿವರಣೆಗಳಲ್ಲಿ ತಪ್ಪು ಸಿಕ್ಕಿತು.

ಆ ತಂಗಿಯ ಬಳಿ ಹೋಗಿ ಕ್ಷಮೆ ಕೇಳಿದೆ. ಮುಂದಿನ ಪರೀಕ್ಷೆಗೆ ಪುಸ್ತಕ ಈಗ ಅವಳ ಬಳಿಯಿದೆ.