ಚುಕ್ಕಿ-ಗೆರೆಗಳ ನಡುವೆ ಮಾತು ತಂದ ಫೆಸ್ಸೆಂಡನ್

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಮನೆಯಲ್ಲಿ ಹಳೇ ರೇಡಿಯೊ ಇದ್ದವರಿಗೆ ಇದು ಗೊತ್ತಿರೋ ಸಂಗತಿ. ಮುಳ್ಳು 765ಕ್ಕೆ ತಂದರೆ ಧಾರವಾಡದ ಕನ್ನಡ, 1251ಕ್ಕೆ ಸರಿಸಿದರೆ ಸಾಂಗಲಿಯ ಮರಾಠಿ. ಒಂದರ ಮಾತಿನ ಮೇಲೆ ಇನ್ನೊಂದು ಬೀಳೋದಿಲ್ಲ. ಎರಡೂ ಎಎಂ, ಅಂದರೆ ಆಂಪ್ಲಿಟ್ಯೂಡ್ ಮಾಡ್ಯುಲೇಶನ್. ಲ್ಯಾಬಿನಲ್ಲಿ ಆಸಿಲೋಸ್ಕೋಪ್ ಮೇಲೆ ನೋಡಿ, ರೆಕಾರ್ಡಿನಲ್ಲಿ ಚಿತ್ರ ಬರೆದು, ವೈವಾ ಮುಗಿದ ಮೇಲೆ ನಾವು ಮರೆತುಬಿಡೋ ಅದೇ ಎಎಂ. ಅದರ ಹಿಂದಿರುವ ಮನುಷ್ಯ ರೆಜಿನಾಲ್ಡ್ ಫೆಸ್ಸೆಂಡನ್.

ಹುಟ್ಟಿದ್ದು 6 ಅಕ್ಟೋಬರ್ 1866ರಂದು, ಕೆನಡಾದ ಕ್ವಿಬೆಕ್‌ನಲ್ಲಿ. ತಂದೆ ಪಾದ್ರಿ. ಹುಡುಗ ಗಣಿತದಲ್ಲಿ ಚುರುಕು, ಆದರೆ ಪದವಿ ಮುಗಿಸಲಿಲ್ಲ. 1886ರಲ್ಲಿ ಎಡಿಸನ್ ಕಂಪನಿಯಲ್ಲಿ ಸಣ್ಣ ಕೆಲಸಕ್ಕೆ ಸೇರಿ, ಎಡಿಸನ್ನರ ಪ್ರಯೋಗಾಲಯದವರೆಗೂ ಹೋದ. 1890ರಲ್ಲಿ ಹಣದ ಮುಗ್ಗಟ್ಟು ಬಂದಾಗ ಕೆಲಸ ಹೋಯಿತು. ಮೂರೇ ವರ್ಷದಲ್ಲಿ, ಡಿಗ್ರಿ ಇಲ್ಲದ ಇದೇ ಮನುಷ್ಯ ಪಿಟ್ಸ್‌ಬರ್ಗ್‌ನಲ್ಲಿ ಎಲೆಕ್ಟ್ರಿಕಲ್ ಪ್ರೊಫೆಸರ್!

ಆಗಿನ ರೇಡಿಯೊ ಅಂದರೆ ಬರೀ ಮೋರ್ಸ್. ಕಿಡಿ ಹಾರಿಸು, ನಿಲ್ಲಿಸು: ಚುಕ್ಕಿ, ಗೆರೆ. ಇದೆ ಅಥವಾ ಇಲ್ಲ ಅನ್ನೋ ಎರಡೇ ಸ್ಥಿತಿ. ಒಂದು ಲೆಕ್ಕಕ್ಕೆ ಅದೇ ಮೊದಲ ಡಿಜಿಟಲ್. ಕಿಡಿಯ ದೋಷ ಏನಂದ್ರೆ, ಅದರ ಅಲೆ ಹುಟ್ಟಿದ ಕೂಡಲೇ ಸಾಯುತ್ತದೆ, ಶಕ್ತಿ ಅಕ್ಕಪಕ್ಕದ ತರಂಗಾಂತರಗಳಿಗೆಲ್ಲ ಚೆಲ್ಲುತ್ತದೆ. 1901ರಲ್ಲಿ ನ್ಯೂಯಾರ್ಕ್ ಹತ್ತಿರ ನಡೆದ ಹಾಯಿದೋಣಿ ಸ್ಪರ್ಧೆಯ ಸುದ್ದಿ ಕಳಿಸಲು ಹೋದ ಮಾರ್ಕೋನಿ, ಡಿ ಫಾರೆಸ್ಟ್ ಮತ್ತು ಇನ್ನೊಂದು ಕಂಪನಿ ಒಬ್ಬರ ಸಂದೇಶ ಒಬ್ಬರು ಕೆಡಿಸಿಕೊಂಡರು.

ಫೆಸ್ಸೆಂಡನ್ ಹಟ ಬೇರೆ. ಅವನಿಗೆ ಮಾತನ್ನೇ ಕಳಿಸಬೇಕಿತ್ತು. 23 ಡಿಸೆಂಬರ್ 1900ರಂದು ಮೇರಿಲ್ಯಾಂಡಿನ ಕಾಬ್ ದ್ವೀಪದಲ್ಲಿ ಮೈಕಿನ ಮುಂದೆ ನಿಂತು, ಸುಮಾರು 1.6 ಕಿಲೋಮೀಟರ್ ದೂರದಲ್ಲಿದ್ದ ಸಹಾಯಕನಿಗೆ ಅಲ್ಲಿ ಹಿಮ ಬೀಳ್ತಿದೆಯಾ ಅಂತ ಕೇಳಿದ. ಹೌದು ಅನ್ನೋ ಉತ್ತರ ಮೋರ್ಸ್‌ನಲ್ಲಿ ಬಂತು. ಮಾತು ಮುಟ್ಟಿತ್ತು, ಆದರೆ ಕಿಡಿಯ ಕರಕರ ಸದ್ದಿನಲ್ಲಿ ಮುಳುಗಿತ್ತು. ಕಿಡಿಯ ಮೇಲೆ ಮಾತು ಕೂರೋದಿಲ್ಲ, ಅದಕ್ಕೆ ಕಡಿಯದೆ ಹರಿಯುವ ಅಲೆಯೇ ಬೇಕು ಅನ್ನೋದು ಅವನ ವಾದ. ಅಂಥ ಅಲೆ ಹುಟ್ಟಿಸಲು ಸೆಕೆಂಡಿಗೆ ಹತ್ತಾರು ಸಾವಿರ ಆವರ್ತನ ಕೊಡುವ ಆಲ್ಟರ್ನೇಟರ್ ಮಾಡಿಸಿದ. ಜನರಲ್ ಎಲೆಕ್ಟ್ರಿಕ್‌ನ ಅಲೆಕ್ಸಾಂಡರ್ಸನ್ ಅದನ್ನು ಕಟ್ಟಿಕೊಟ್ಟರು.

1906 ಅವನಿಗೆ ಬೇವು-ಬೆಲ್ಲದ ವರ್ಷ. ಜನವರಿಯಲ್ಲಿ ಅಟ್ಲಾಂಟಿಕ್ ದಾಟಿ ಎರಡೂ ಕಡೆಯಿಂದ ಮೋರ್ಸ್ ಸಂಪರ್ಕ ಸಾಧಿಸಿದ. ಡಿಸೆಂಬರ್ ಮೊದಲ ವಾರದಲ್ಲಿ ಸ್ಕಾಟ್ಲೆಂಡಿನ ಗೋಪುರ ಬಿರುಗಾಳಿಗೆ ಉರುಳಿತು. ಆದರೂ 21ರಂದು ಬ್ರಾಂಟ್ ರಾಕ್‌ನಿಂದ ಪ್ಲಿಮತ್‌ಗೆ, ಸುಮಾರು 18 ಕಿಲೋಮೀಟರ್, ಸ್ಪಷ್ಟ ಮಾತು ಕಳಿಸಿ ತೋರಿಸಿದ. ಕ್ರಿಸ್‌ಮಸ್ ಮುನ್ನಾದಿನ ಪಿಟೀಲು ನುಡಿಸಿದ್ದು, ಚುಕ್ಕಿ-ಗೆರೆಗೆ ಕಿವಿಗೊಟ್ಟಿದ್ದ ಹಡಗಿನವರು ಮನುಷ್ಯನ ದನಿ ಕೇಳಿ ದಂಗಾದದ್ದು ಪ್ರಸಿದ್ಧ ಕತೆ. ಆದರೆ ಅದಕ್ಕೆ ಆಧಾರ 1932ರಲ್ಲಿ ಅವನೇ ಬರೆದ ಪತ್ರ. 21ರ ಪ್ರದರ್ಶನದ ವರದಿ ಮಾತ್ರ ಆಗಲೇ ಅಚ್ಚಾಗಿತ್ತು. ಅವನ ಹಿರಿಮೆಗೆ ಅಷ್ಟು ಸಾಕು.

ಮುಂದಿನದು ಕೋರ್ಟು-ಕಚೇರಿ. ಬಂಡವಾಳ ಹಾಕಿದವರ ಜೊತೆ ಜಗಳವಾಗಿ 1911ರಲ್ಲಿ ತನ್ನದೇ ಕಂಪನಿಯಿಂದ ಹೊರಬಿದ್ದ. ಸಮುದ್ರದಲ್ಲಿ ಶಬ್ದದಿಂದ ಹಿಮಗಡ್ಡೆ ಪತ್ತೆಹಚ್ಚುವ ಯಂತ್ರವನ್ನು 1914ರಲ್ಲಿ ತೋರಿಸಿದ. ಪೇಟೆಂಟ್ ವ್ಯಾಜ್ಯ ರಾಜಿಯಾಗಿ ಹಣ ಕೈಗೆ ಬಂದದ್ದು 1928ರಲ್ಲಿ. ನಾಲ್ಕೇ ವರ್ಷಕ್ಕೆ, 22 ಜುಲೈ 1932ರಂದು, ಬರ್ಮುಡಾದಲ್ಲಿ ತೀರಿಕೊಂಡ.

ಅವನು ಎದುರಿಸಿದ ಜಾಗದ ಪ್ರಶ್ನೆ ಇವತ್ತೂ ಇದೆ, ಸ್ವಲ್ಪ ತಿರುಗಿಕೊಂಡು. ಹ್ಯಾಮ್ ರೇಡಿಯೊದಲ್ಲಿ 7074 ಕಿಲೋಹರ್ಟ್ಜ್‌ಗೆ ಹೋದರೆ ಎಫ್‌ಟಿ8 ಅನ್ನೋ ಡಿಜಿಟಲ್ ಸಂಕೇತಗಳು. ಒಂದೊಂದರ ಅಗಲ ಸುಮಾರು 50 ಹರ್ಟ್ಜ್. ಎಸ್‌ಎಸ್‌ಬಿ ಮಾತಿಗೆ ಸುಮಾರು 2500 ಹರ್ಟ್ಜ್ ಬೇಕು. ಅಲ್ಲಿ ಒಬ್ಬ ಮೈಕ್ ಹಿಡಿದರೆ ಐವತ್ತು ಸಂಕೇತಗಳ ಜಾಗ ಅವನೊಬ್ಬನ ಪಾಲು. ಆ ಕೀಚು ಸದ್ದು ಅವನಿಗೆ ಬರೀ ಗದ್ದಲ ಅನ್ನಿಸಬಹುದು; ಅದರೊಳಗೆ ಯಾರೋ ಸಣ್ಣ ಆಂಟೆನಾದಿಂದ ಖಂಡಾಂತರ ತಲುಪುತ್ತಿರುತ್ತಾರೆ. ಯಾವ ಜಾಗ ಯಾರಿಗೆ ಅನ್ನೋದು ಬಹುಮಟ್ಟಿಗೆ ಹ್ಯಾಮ್‌ಗಳೇ ಮಾಡಿಕೊಂಡ ಒಪ್ಪಂದ. ಹಾಗಾಗಿ ಲೈಸೆನ್ಸ್ ತಗೊಳ್ಳೋ ಗೆಳೆಯರೇ, ಗುಂಡಿ ಒತ್ತೋ ಮುಂಚೆ ಒಂದು ಕ್ಷಣ ಕೇಳಿಸಿಕೊಳ್ಳಿ. ಫೆಸ್ಸೆಂಡನ್ ಮಾತಿಗೆ ಆಕಾಶದಲ್ಲಿ ಜಾಗ ಮಾಡಿಕೊಟ್ಟ. ಉಳಿದವರ ಜಾಗ ಉಳಿಸೋದು ನಮ್ಮ ಕೈಯಲ್ಲಿದೆ.