ಪಂಡಿತಾ ರಮಾಬಾಯಿ: ಸೇವೆಗೆ ಹಣ ಎಲ್ಲಿಂದ ಬಂತು?

ಈಗ ನಾವು ಓದಿದ್ದು 2 ಕೊರಿಂಥ 8ನೇ ಅಧ್ಯಾಯ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಕಾಣಿಕೆಯನ್ನು ಪೌಲನು ತಾನೊಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ತೀತನನ್ನೂ, ಜೊತೆಗೆ ಸಹೋದರರನ್ನೂ ಕಳುಹಿಸಿದ. ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸೋ ಹಾಗೆ ಇರಬಾರದು ಅಂತ.

ಈ ಭಾಗವನ್ನು ಇವತ್ತು ಯಾಕೆ ತೆಗೆದುಕೊಂಡೆ ಅಂದ್ರೆ, ನಮ್ಮ ಯೂತ್‌ನಲ್ಲಿ ಮೂವರು ಪೂರ್ಣಾವಧಿ ಸೇವೆಗೆ ಹೆಸರು ಕೊಟ್ಟಿದ್ದಾರೆ. ಸಪೋರ್ಟ್ ಕೇಳೋ ಪತ್ರ ಬರೆದು ತನ್ನಿ ಅಂದಿದ್ದೆ. ತಂದರು. ಆದರೆ ಒಬ್ಬೊಬ್ಬರದ್ದೂ ಎರಡೆರಡು ಪತ್ರ ಇತ್ತು. ಸಭೆಯವರಿಗೆ ಒಂದು, ಆಫೀಸಿನ ಸ್ನೇಹಿತರಿಗೆ ಇನ್ನೊಂದು. ಸಭೆಯ ಪತ್ರದಲ್ಲಿ ಸುವಾರ್ತೆ, ಪ್ರಾರ್ಥನೆ, ಹಳ್ಳಿ ಸೇವೆ. ಆಫೀಸಿನ ಪತ್ರದಲ್ಲಿ ಬಡ ಮಕ್ಕಳ ಟ್ಯೂಷನ್ ಮಾತ್ರ. ಕೆಳಗೆ ಕ್ಯೂಆರ್ ಕೋಡ್ ಮಾತ್ರ ಎರಡರಲ್ಲೂ ಒಂದೇ!

ಬೈಯೋಕೆ ಹೇಳ್ತಿಲ್ಲ. ನಾನೂ ಮಾಡಿದವನೇ. ಸೇವೆಗೆ ಬಂದ ಹೊಸದರಲ್ಲಿ ಮಕ್ಕಳಿಗೆ ನೋಟ್‌ಬುಕ್ ಕೊಡಿಸ್ತೀವಿ ಅಂತ ಹಳೇ ಆಫೀಸಿನವರ ಹತ್ತಿರ ಹಣ ಕೇಳಿ, ಅರ್ಧ ಹಣವನ್ನು ಕೂಟದ ಶಾಮಿಯಾನಕ್ಕೆ, ಮೈಕ್‌ಸೆಟ್ ಬಾಡಿಗೆಗೆ ಕೊಟ್ಟೆ. ಒಬ್ಬ ಸ್ನೇಹಿತ ನೋಟ್‌ಬುಕ್ ಹಂಚಿದ ಫೋಟೋ ಕಳಿಸು ಅಂತ ಮೆಸೇಜ್ ಮಾಡಿದ. ಎರಡು ದಿನ ಆ ಮೆಸೇಜ್ ತೆರೆಯೋ ಧೈರ್ಯ ಬರಲಿಲ್ಲ. ಆಗ ನನಗೆ ನೆನಪಾದವರು ಬೈಬಲ್ ಕಾಲೇಜಿನಲ್ಲಿ ಓದಿದ್ದ ಪಂಡಿತಾ ರಮಾಬಾಯಿ.

ಅವರನ್ನು ಮಹಾರಾಷ್ಟ್ರದವರು ಅಂತಲೇ ನಾವು ತಿಳ್ಕೊಂಡಿದ್ದೇವೆ. ಹುಟ್ಟಿದ್ದು ನಮ್ಮ ಕರ್ನಾಟಕದಲ್ಲೇ. ನಿಮ್ಮಲ್ಲಿ ಕೆಲವರು ಶನಿವಾರ, ಭಾನುವಾರ ಸಭೆ ತಪ್ಪಿಸಿ ಟ್ರೆಕ್ಕಿಂಗ್ ಹೋಗ್ತೀರಲ್ಲ, ಆ ಕುದುರೆಮುಖದ ಕಡೆ, ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಉಡುಪಿಯಲ್ಲಿ ಪಂಡಿತರ ಮುಂದೆ ಉತ್ತರ ಕೊಡಬೇಕಾಗಿ ಬಂದ ಮನುಷ್ಯ. ಬಂದವರಿಗೆಲ್ಲ ಊಟ ಹಾಕಿ ಸಾಲವಾಯಿತು. ರಮಾ ಆರು ತಿಂಗಳ ಮಗುವಾಗಿದ್ದಾಗಲೇ ಮನೆ ಬಿಟ್ಟು ಹೊರಟರು. ಊರೂರು ತಿರುಗಿ ದೇವಸ್ಥಾನಗಳಲ್ಲಿ ಪುರಾಣ ಓದೋದು, ಕೇಳಿದವರು ಕೊಟ್ಟದ್ದರಲ್ಲಿ ಬದುಕೋದು. ದೇವರ ಮಾತು ಹೇಳಿ ಜನ ಕೊಟ್ಟದ್ದರಲ್ಲಿ ಊಟ ಮಾಡುವ ಜೀವನ ಏನು ಅಂತ ಅವರಿಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. ಕೊಡುವವರು ನಿಲ್ಲಿಸಿದರೆ ಏನಾಗುತ್ತೆ ಅಂತಲೂ ಗೊತ್ತಾಯಿತು. 1874ರ ನಂತರದ ಬರದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಕೊಂಡರು.

ಉಳಿದದ್ದು ರಮಾ ಮತ್ತು ಅಣ್ಣ ಶ್ರೀನಿವಾಸ. ಕಾಲ್ನಡಿಗೆಯಲ್ಲೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಅಣ್ಣ ಸತ್ತ. ಮದುವೆಯಾಯಿತು, ಮಗಳು ಮನೋರಮಾ ಹುಟ್ಟಿದಳು, 1882ರಲ್ಲಿ ಗಂಡನೂ ಕಾಲರಾದಿಂದ ತೀರಿಕೊಂಡರು. ಆಗ ರಮಾಬಾಯಿಗೆ 23 ವರ್ಷ. ಇಲ್ಲಿ ಕೂತಿರೋ ಬಹಳ ಜನರ ವಯಸ್ಸು ಅದೇ.

ಇಂಗ್ಲೆಂಡಿಗೆ ಹೋಗಿ ಓದಬೇಕು ಅನ್ನೋ ಆಸೆ. ಸ್ತ್ರೀಧರ್ಮನೀತಿ ಅಂತ ಮರಾಠಿಯಲ್ಲಿ ಪುಸ್ತಕ ಬರೆದರು. ಅದನ್ನು ಮಾರಿ ಬಂದ ಹಣದಲ್ಲಿ ಹಡಗಿನ ಟಿಕೆಟ್. ವಾಂಟೇಜ್ ಎಂಬ ಊರಿನ ಕನ್ಯಾಮಠದಲ್ಲಿ ಉಳಿದುಕೊಂಡಾಗಲೂ ಪುಕ್ಕಟೆ ಊಟ ಮಾಡಲಿಲ್ಲ. ಭಾರತಕ್ಕೆ ಬರಲಿದ್ದ ಸಿಸ್ಟರ್‌ಗಳಿಗೆ ಮರಾಠಿ ಕಲಿಸಿದರು. 1883ರ ಸೆಪ್ಟೆಂಬರ್ 29ರಂದು ಅಲ್ಲೇ ದೀಕ್ಷಾಸ್ನಾನ ಆಯಿತು. ಪೌಲನು ಗುಡಾರ ಹೊಲಿದ, ಇವರು ಪಾಠ ಹೇಳಿದರು.

ಆದರೆ ವಿಧವೆಯರಿಗೆ ಶಾಲೆ ತೆರೆಯೋದು ಪಾಠ ಹೇಳಿದ ಹಣದಲ್ಲಿ ಆಗುವ ಕೆಲಸವಲ್ಲ. 1886ರಲ್ಲಿ ಅಮೆರಿಕಾಗೆ ಹೋದರು. ಊರಿಂದ ಊರಿಗೆ ಹೋಗಿ ಮಾತಾಡಿದರು. ನಮ್ಮ ದೇಶದ ಬಾಲವಿಧವೆಯರ ಕಷ್ಟದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. 1887ರ ಡಿಸೆಂಬರ್‌ನಲ್ಲಿ ಬೋಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಷನ್ ಶುರುವಾಯಿತು. ಹತ್ತು ವರ್ಷ ಸಪೋರ್ಟ್ ಮಾಡ್ತೀವಿ ಅಂತ ಒಪ್ಪಿದರು. ಬೇರೆ ಬೇರೆ ಸಭೆಗಳವರು ಸೇರಿದ್ದ ಸಂಘ. ಒಂದು ಷರತ್ತು: ಶಾಲೆಯಲ್ಲಿ ಯಾವ ಧರ್ಮವನ್ನೂ ಬೋಧಿಸಬಾರದು. ರಮಾಬಾಯಿ ಒಪ್ಪಿಕೊಂಡರು. 1889ರ ಮಾರ್ಚ್ 11ರಂದು ಬೊಂಬಾಯಿಯಲ್ಲಿ ಶಾರದಾ ಸದನ ಆರಂಭವಾಯಿತು, ಮುಂದಿನ ವರ್ಷ ಪುಣೆಗೆ ಹೋಯಿತು. ಪುಣೆಯ ದೊಡ್ಡ ಮನುಷ್ಯರು, ರಾನಡೆ, ಭಂಡಾರ್ಕರ್ ಅಂಥವರು ಸಲಹಾ ಸಮಿತಿಯಲ್ಲಿದ್ದರು.

ಪ್ರಿಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ರಮಾಬಾಯಿ ತರಗತಿಯಲ್ಲಿ ಬೈಬಲ್ ಕಲಿಸಲಿಲ್ಲ. ಯಾವ ಹುಡುಗಿಯನ್ನೂ ಪ್ರಾರ್ಥನೆಗೆ ಕರೆಯಲಿಲ್ಲ. ಆದರೆ ಬೆಳಗ್ಗೆ ತಮ್ಮ ಕೋಣೆಯಲ್ಲಿ ಮಗಳ ಜೊತೆ ಪ್ರಾರ್ಥನೆ ಮಾಡುವಾಗ ಬಾಗಿಲು ತೆರೆದೇ ಇಡುತ್ತಿದ್ದರು. ಕೆಲವು ಹುಡುಗಿಯರು ತಾವಾಗಿಯೇ ಬಂದು ಕೂರೋಕೆ ಶುರು ಮಾಡಿದರು. 1893ರಲ್ಲಿ ಗಲಾಟೆ ಎದ್ದಿತು. ಪತ್ರಿಕೆಗಳಲ್ಲಿ ಬಂತು. ಪುಣೆಯ ಸಮಿತಿಯವರು ರಾಜೀನಾಮೆ ಕೊಟ್ಟರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು.

ನಮ್ಮವರು ಈ ಕಥೆ ಹೇಳುವಾಗ ಸಮಿತಿಯವರನ್ನು ವಿಲನ್ ಮಾಡಿಬಿಡ್ತಾರೆ. ನನಗೆ ಹಾಗನಿಸೋದಿಲ್ಲ. ಆ ಕಾಲದಲ್ಲಿ ವಿಧವೆಯರ ಪರ ನಿಂತವರು ಅವರು. ಕೊಟ್ಟ ಮಾತು ಮುರಿದು ಹೋಯಿತು ಅಂತ ಅವರಿಗೆ ಪ್ರಾಮಾಣಿಕವಾಗಿಯೇ ಅನಿಸಿತು. ರಮಾಬಾಯಿಗೆ ಎರಡು ಸುಲಭದ ದಾರಿ ಇತ್ತು. ಬಾಗಿಲು ಮುಚ್ಚಿಬಿಟ್ಟರೆ ಹುಡುಗಿಯರು ಉಳೀತಿದ್ರು. ಇಲ್ಲ, ಅಮೆರಿಕಾಗೆ ಒಂದು ವರದಿ, ಪುಣೆಗೆ ಒಂದು ಮಾತು ಕಳಿಸಿ ತೂಗಿಸಿಕೊಂಡು ಹೋಗಬಹುದಿತ್ತು. ಎರಡನ್ನೂ ಮಾಡಲಿಲ್ಲ. ತಾನು ಕ್ರೈಸ್ತಳು, ನನ್ನ ಕೋಣೆಯಲ್ಲಿ ಪ್ರಾರ್ಥಿಸುತ್ತೇನೆ, ಬರುವವರನ್ನು ತಡೆಯೋದಿಲ್ಲ, ಬಾರದವರನ್ನು ಒತ್ತಾಯಿಸೋದಿಲ್ಲ ಎಂಬುದನ್ನು ಎಲ್ಲರಿಗೂ ಒಂದೇ ರೀತಿ ಹೇಳಿದರು. ಬೋಸ್ಟನ್‌ನವರು ಕೇಳಿ, ವಿಚಾರಿಸಿ, ಸಪೋರ್ಟ್ ಮುಂದುವರಿಸಿದರು. ವರ್ಷ ವರ್ಷವೂ ಸಂಘದ ವರದಿ ಅಚ್ಚಾಗುತ್ತಿತ್ತು.

ಅದೇ ವರ್ಷಗಳಲ್ಲಿ ಅವರು ಜಾರ್ಜ್ ಮುಲ್ಲರ್, ಹಡ್ಸನ್ ಟೇಲರ್, ಜಾನ್ ಪೇಟನ್ ಅವರ ಜೀವನ ಓದಿದರು. ದೇವರನ್ನು ಮಾತ್ರ ನಂಬಿ ಇಂಥ ಸೇವೆ ನಮ್ಮ ದೇಶದಲ್ಲಿ ನಡೆದೀತೇ ಅಂತ ಯೋಚಿಸಿದರು. ಹಾಗಂತ ಲೆಕ್ಕಾಚಾರ ಬಿಡಲಿಲ್ಲ. ಹತ್ತು ವರ್ಷದ ಗಡುವು 1898ಕ್ಕೆ ಮುಗಿಯುತ್ತೆ ಅಂತ ಗೊತ್ತಿತ್ತು. ಪುಣೆಯ ಆಚೆ ಕೇಡಗಾಂವ್‌ನಲ್ಲಿ ನೂರು ಎಕರೆ ಜಮೀನು ತೆಗೆದು ಹಣ್ಣಿನ ಗಿಡ ಹಾಕಿಸಿದ್ದರು. ಮುಂದೆ ಅದರ ಆದಾಯದಲ್ಲಿ ಶಾಲೆ ನಡೆಯಲಿ ಅಂತ.

ಹಣ್ಣು ಕೈಗೆ ಬರುವ ಮೊದಲೇ ಬರ ಬಂತು. 1896–97ರಲ್ಲಿ ಮಧ್ಯಪ್ರಾಂತದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಹಸಿವಿನಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ಹೆಂಗಸು ಸುಮ್ಮನೆ ಕೂರೋಕಾಗುತ್ತಾ? ಹೋಗಿ ಮುನ್ನೂರರಷ್ಟು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್, ಒಳಗೆ ಬಿಡೋದಿಲ್ಲ. ಹಾಗಾಗಿ ಎಲ್ಲರೂ ಕೇಡಗಾಂವ್‌ನ ಹೊಲಕ್ಕೆ. ಅದೇ ಮುಕ್ತಿ ಮಿಷನ್ ಆಯಿತು. ಇದನ್ನು ಬಹಿರಂಗವಾಗಿ ಕ್ರೈಸ್ತ ಮನೆ ಎಂದೇ ನಡೆಸಿದರು. ಬೋಸ್ಟನ್‌ನ ಹಣ ಶಾರದಾ ಸದನದ್ದು, ಮುಕ್ತಿಗೆ ಬಂದದ್ದು ಬೇರೆ ಕಾಣಿಕೆ. 1898ರಲ್ಲಿ ತಾವೇ ಅಮೆರಿಕಾಗೆ ಹೋಗಿ ಹತ್ತು ವರ್ಷ ಸಪೋರ್ಟ್ ಮಾಡಿದವರ ಮುಂದೆ ನಿಂತರು. ಹಳೇ ಸಂಘ ಮುಗಿದು ಹೊಸದು ಆರಂಭವಾಯಿತು.

1900ರ ಗುಜರಾತ್ ಬರದ ನಂತರ ಮುಕ್ತಿಯಲ್ಲಿದ್ದವರು ಸುಮಾರು ಎರಡು ಸಾವಿರ. ಎರಡು ಸಾವಿರ ತಟ್ಟೆ, ದಿನಾ! ಹೊಲ, ಮಗ್ಗ, ಎಣ್ಣೆ ಗಾಣ, ಅಚ್ಚುಕೂಟ, ಎಲ್ಲದರಲ್ಲೂ ಹೆಣ್ಣುಮಕ್ಕಳೇ ದುಡಿದರು. ಮುಕ್ತಿ ಪ್ರೇಯರ್ ಬೆಲ್ ಎಂಬ ಪತ್ರಿಕೆಯಲ್ಲಿ ಸೇವೆಯ ಸುದ್ದಿ, ಪ್ರಾರ್ಥನೆಯ ವಿಷಯಗಳನ್ನು ಬರೆದು ಕಳಿಸುತ್ತಿದ್ದರು. ಅಗತ್ಯವನ್ನು ಹೇಳೋದು ಅವಿಶ್ವಾಸ ಅಂತ ಅವರು ತಿಳಿಯಲಿಲ್ಲ. 1905ರ ಜೂನ್ ಕೊನೆಗೆ ಅಲ್ಲಿ ಪವಿತ್ರಾತ್ಮನ ಉಜ್ಜೀವನ ಇಳಿದದ್ದು ನಮ್ಮ ಪೆಂಟೆಕೋಸ್ಟ್ ಸಭೆಗಳಲ್ಲಿ ಎಲ್ಲರೂ ಹೇಳ್ತಾರೆ, ಹಲ್ಲೆಲೂಯಾ. ಅದಕ್ಕೆ ಹನ್ನೆರಡು ವರ್ಷ ಮುಂಚಿನ ಆ ತೆರೆದ ಬಾಗಿಲನ್ನು ಯಾರೂ ಹೇಳೋದಿಲ್ಲ.

ಆಮೇಲೆ ನಮ್ಮ ಗುಲ್ಬರ್ಗಾದಲ್ಲೂ ಶಾಲೆ ತೆರೆದರು, ಮನೋರಮಾ ಅದನ್ನು ನೋಡಿಕೊಂಡರು. 1921ರಲ್ಲಿ ಮನೋರಮಾ ತೀರಿಕೊಂಡರು. ಮೂಲ ಭಾಷೆಗಳಿಂದ ಮರಾಠಿಗೆ ಮಾಡುತ್ತಿದ್ದ ಬೈಬಲ್ ಅನುವಾದವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿ ಕರ್ತನ ಬಳಿಗೆ ಹೋದರು.

ಆ ಮೂವರ ಪತ್ರಗಳು ನನ್ನ ಬೈಬಲ್ ಒಳಗೇ ಇವೆ, ಕೂಟ ಮುಗಿದ ಮೇಲೆ ತೊಗೊಳ್ಳಿ. ಮುಂದಿನ ಭಾನುವಾರ ಒಬ್ಬೊಬ್ಬರು ಒಂದೇ ಪತ್ರ ತನ್ನಿ, ಸಭೆಯವರಿಗೂ ಆಫೀಸಿನವರಿಗೂ ಸೇರಿ. ಟ್ಯೂಷನ್‌ಗೆ ಮಾತ್ರ ಕೊಡ್ತೀನಿ ಅನ್ನುವವರಿಗೆ ಬೇರೆ ಲೆಕ್ಕದ ಪುಸ್ತಕ ಇಡೋಣ, ಖಜಾಂಚಿ ಅಣ್ಣನ ಹತ್ತಿರ ಮಾತಾಡಿದ್ದೇನೆ. ಈಗ ಎದ್ದು ನಿಂತು ಪ್ರಾರ್ಥಿಸೋಣ.