ಗಿಟಾರಿಗೆ ದನಿ ಕೊಟ್ಟ ಚಾರ್ಲಿ ಕ್ರಿಶ್ಚಿಯನ್

ಅಮೆರಿಕೆಯ ಜಾಜ್ ಮೇಳಗಳಲ್ಲಿ ಒಂದು ಕಾಲಕ್ಕೆ ಗಿಟಾರಿನ ಪಾಡು ಹೇಳತೀರದು. ಕಹಳೆಗಳೂ ಸ್ಯಾಕ್ಸೊಫೋನುಗಳೂ ಒಮ್ಮೆಲೇ ಮೊಳಗುತ್ತಿರುವಾಗ ಬಡಪಾಯಿ ಗಿಟಾರ್ ವಾದಕನು ಮೂಲೆಯಲ್ಲಿ ಕುಳಿತು ತಾಳಕ್ಕೆ ಸರಿಯಾಗಿ ತಂತಿ ಬಡಿಯುತ್ತಿದ್ದನು. ನುಡಿಸಿದ್ದು ಅವನಿಗೇ ಕೇಳಿಸಿದರೆ ಪುಣ್ಯ! ಈ ವಾದ್ಯವನ್ನು ಮೇಳದ ಮುಂದಕ್ಕೆ ತಂದವರಲ್ಲಿ ಮೊದಲು ನೆನೆಯಬೇಕಾದವನು ಚಾರ್ಲಿ ಕ್ರಿಶ್ಚಿಯನ್. ವಿದ್ಯುತ್ ಗಿಟಾರನ್ನು ಎಲ್ಲರಿಗಿಂತ ಮೊದಲು ನುಡಿಸಿದವನು ಇವನಲ್ಲ; ಎಡ್ಡಿ ಡರಾಮ್ ಮೊದಲಾದವರು ಮುಂಚೆಯೇ ನುಡಿಸಿದ್ದರು. ಆದರೆ ಅದರಿಂದ ಎಂತಹ ದನಿ ತೆಗೆಯಬಹುದೆಂಬುದನ್ನು ಲೋಕಕ್ಕೆ ತೋರಿಸಿದವನು ಇವನೇ ಎಂದು ನನ್ನ ನಂಬಿಕೆ.

ಚಾರ್ಲಿಯು 1916ರ ಜುಲೈ 29ರಂದು ಟೆಕ್ಸಾಸ್ ಸಂಸ್ಥಾನದ ಬಾನಮ್ ಎಂಬ ಊರಿನಲ್ಲಿ ಹುಟ್ಟಿ, ಓಕ್ಲಹೋಮ ನಗರದಲ್ಲಿ ಬೆಳೆದನು. ಕಪ್ಪು ಜನರ ಬಡ ಸಂಸಾರ. ತಂದೆಗೆ ಕಣ್ಣು ಹೋಗಿತ್ತು. ಮಕ್ಕಳು ಆತನ ಕೈಹಿಡಿದು ಬೀದಿಬೀದಿಗಳಲ್ಲಿ ಹಾಡಿ ನುಡಿಸಿ ಕಾಸು ಕೂಡಿಸುತ್ತಿದ್ದರು. ಶಾಲೆಯಲ್ಲಿ ಈ ಹುಡುಗನು ಚುಟ್ಟದ ಪೆಟ್ಟಿಗೆಗಳಿಗೆ ತಂತಿ ಬಿಗಿದು ಗಿಟಾರು ಮಾಡುತ್ತಿದ್ದನೆಂದು, ಅದೇ ಊರಿನಲ್ಲಿ ಬೆಳೆದ ಕಾದಂಬರಿಕಾರ ರಾಲ್ಫ್ ಎಲಿಸನ್ ಬರೆದಿದ್ದಾನೆ.

1936ರಲ್ಲಿ ಗಿಬ್ಸನ್ ಕಂಪೆನಿಯವರು ಇ.ಎಸ್. 150 ಎಂಬ ವಿದ್ಯುತ್ ಗಿಟಾರನ್ನು ಹೊರತಂದರು. ಗಿಟಾರು, ಧ್ವನಿವರ್ಧಕ, ತಂತಿ ಎಲ್ಲ ಸೇರಿ 150 ಡಾಲರು. ಚಾರ್ಲಿಯ ಕೈಗೆ ಬಂದದ್ದು ಇದೇ. ಅದರ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಕಂಪಿಸಿದಾಗ ಕೆಳಗಿನ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಿಗ್ಗಿಸುವುದು ವಾಲ್ವಿನ ಕೆಲಸ. ಅಜ್ಜನ ಕಾಲದ ರೇಡಿಯೋ ಬಿಚ್ಚಿ ನೋಡಿದವರಿಗೆ, ಕೆಂಪಗೆ ಕಾಯುವ ಆ ಗಾಜಿನ ಬುರುಡೆಗಳು ಹೊಸವಲ್ಲ. ಮಿತಿ ಮೀರಿ ದುಡಿಸಿದಾಗ ವಾಲ್ವು ಅಲೆಯ ನೆತ್ತಿಯನ್ನು ಕತ್ತರಿಸಿದಂತೆ ಒಮ್ಮೆಗೇ ಮುರಿಯದೆ ಮೆಲ್ಲಮೆಲ್ಲನೆ ತಗ್ಗಿಸುತ್ತದೆ. ಮೂಲಸ್ವರದ ಜೊತೆಗೆ ಹೊಸ ಉಪಸ್ವರಗಳು ಹುಟ್ಟುತ್ತವೆ. ಇಂಜಿನಿಯರಿಗೆ ಇದು ದೋಷ. ಕಿವಿಗೆ ಮಾತ್ರ ದನಿ ತುಂಬಿಕೊಂಡು, ಬಿಸಿಯೇರಿದಂತೆ ಇರುತ್ತದೆ. ನಮ್ಮ ಭೌತಶಾಸ್ತ್ರದ ಮೇಷ್ಟರು ಏನೆನ್ನುವರೋ, ನಾನಂತೂ ಕಿವಿಯ ಪಕ್ಷ! ಸದ್ದು ಕಡಮೆಯಿಟ್ಟರೆ ನಾದ ಬಡಕಲು, ಹೆಚ್ಚಿಟ್ಟರೆ ಕರ್ಕಶ. ಎರಡರ ನಡುವಣ ಅಂಚಿನಲ್ಲಿ ನಿಲ್ಲಿಸಿ, ಉಳಿದುದನ್ನು ಬೆರಳಿಗೆ ಬಿಡಬೇಕು.

ಚಾರ್ಲಿಯ ಗಿಟಾರಿನಲ್ಲಿ ಆ ಸುರುಳಿ ಕುತ್ತಿಗೆಯ ಬಳಿ ಇದ್ದುದರಿಂದ ನಾದ ದುಂಡಗೆ ಬರುತ್ತಿತ್ತು. ಅವನು ತಂತಿಯನ್ನು ಹೆಚ್ಚಾಗಿ ಮೇಲಿನಿಂದ ಕೆಳಕ್ಕೇ ಮೀಟುತ್ತಿದ್ದನು. ಅದಕ್ಕಿಂತ ಮುಖ್ಯವಾಗಿ, ಸ್ಯಾಕ್ಸೊಫೋನಿನವನು ಉಸಿರೆಳೆದು ಊದುವಂತೆ ಉದ್ದುದ್ದ ಸ್ವರಮಾಲೆಗಳನ್ನು ಕಟ್ಟುತ್ತಿದ್ದನು. ಇಂತಹ ಮನೋಧರ್ಮವಿಲ್ಲದವನಿಗೆ ಎಷ್ಟು ವಾಲ್ವುಗಳಿದ್ದರೇನು?

1939ರ ಆಗಸ್ಟಿನಲ್ಲಿ ಜಾನ್ ಹ್ಯಾಮಂಡ್ ಎಂಬ ರಸಿಕನು ಅವನನ್ನು ಪ್ರಖ್ಯಾತ ಬೆನ್ನಿ ಗುಡ್‌ಮನ್ನನ ಬಳಿಗೆ ಕಳುಹಿಸಿದನು. ಗುಡ್‌ಮನ್ನನಿಗೆ ಮೊದಲು ಅಷ್ಟಾಗಿ ಮನಸ್ಸಿರಲಿಲ್ಲ. ಆ ರಾತ್ರಿ ಬೆವರ್ಲಿ ಹಿಲ್ಸ್‌ನ ವಿಕ್ಟರ್ ಹ್ಯೂಗೊ ಭೋಜನಶಾಲೆಯಲ್ಲಿ ಹ್ಯಾಮಂಡನು ಚಾರ್ಲಿಯನ್ನೂ ಅವನ ಧ್ವನಿವರ್ಧಕವನ್ನೂ ಹೇಳದೆ ಕೇಳದೆ ವೇದಿಕೆ ಹತ್ತಿಸಿಬಿಟ್ಟನಂತೆ. 'ರೋಸ್ ರೂಮ್' ಎಂಬ ಒಂದೇ ಕೃತಿ ನಲವತ್ತು ನಿಮಿಷ ದಾಟಿತು. ಚಾರ್ಲಿಗೆ ಕೆಲಸ ಸಿಕ್ಕಿತು.

ಅವನಿಗೆ ದೊರೆತ ಕಾಲ ಎರಡು ವರ್ಷವೂ ಇಲ್ಲ. ಮೇಳದ ಕಚೇರಿ ಮುಗಿದ ಮೇಲೂ ಅವನು ಮನೆಗೆ ಹೋಗದೆ ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿದ್ದ ಮಿಂಟನ್ಸ್ ಕ್ಲಬ್ಬಿನಲ್ಲಿ ರಾತ್ರಿಯೆಲ್ಲಾ ನುಡಿಸುತ್ತಿದ್ದನು. 1941ರಲ್ಲಿ ಜೆರಿ ನ್ಯೂಮನ್ ಎಂಬ ಕಾಲೇಜು ವಿದ್ಯಾರ್ಥಿ (ನಮ್ಮಂಥವನೇ!) ಅಲ್ಲಿಗೆ ಯಂತ್ರ ಹೊತ್ತೊಯ್ದು ಆ ವಾದನವನ್ನು ತಟ್ಟೆಗಳಲ್ಲಿ ಹಿಡಿದಿಟ್ಟನು. ನಾನು ಅವನ್ನು ಕೇಳಿದ್ದೇನೆ. ಗರಗರ ಸದ್ದಿನ ನಡುವೆಯೂ ಗಿಟಾರು ಯಾರಿಗೂ ಅಂಜದೆ ಮಾತಾಡುತ್ತದೆ.

ಅದೇ ವರ್ಷದ ಜೂನಿನಲ್ಲಿ ಕ್ಷಯರೋಗ ಅವನನ್ನು ಹಾಸಿಗೆ ಹಿಡಿಸಿತು. 1942ರ ಮಾರ್ಚ್ 2ರಂದು ಸ್ಟೇಟನ್ ದ್ವೀಪದ ಆರೋಗ್ಯಧಾಮದಲ್ಲಿ ಚಾರ್ಲಿ ತೀರಿಕೊಂಡನು. ಆಗ ಅವನಿಗೆ ಇಪ್ಪತ್ತೈದು ವರ್ಷ.